ಬಸುರಿಯ ಮಾತ್ರೆ, ಇಲಿಯ ಮರಿ: ಪ್ರಾಣಿ ಅಧ್ಯಯನದ ಸುದ್ದಿಯನ್ನು ಹಂತಹಂತವಾಗಿ ಓದುವ ಬಗೆ

ಅಕ್ಕನ ಮಗಳು ಆಗ ಮೂರು ತಿಂಗಳ ಬಸುರಿ. ಹತ್ತನೆಯ ತರಗತಿಯಲ್ಲಿದ್ದಾಗಿನಿಂದ ಅವಳಿಗೆ ಮೂರ್ಛೆರೋಗವಿದೆ. ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದುದರಿಂದ ನಾಲ್ಕು ವರ್ಷಗಳಿಂದ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, "ಚಿಕ್ಕಮ್ಮ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಸುದ್ದಿ ಕಳಿಸಿದ್ದೇನೆ, ನೋಡಿ" ಎಂದಳು. ಮೂರ್ಛೆರೋಗದ ಮಾತ್ರೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆ, ಇಲಿಗಳಲ್ಲಿ ಇದು ಸಾಬೀತಾಗಿದೆ ಎಂಬರ್ಥದ ಶೀರ್ಷಿಕೆ. ಯಾವ ಮಾತ್ರೆ ಎಂದು ಎಲ್ಲಿಯೂ ಇರಲಿಲ್ಲ.

"ನೀನು ಮಾತ್ರೆ ಬಿಟ್ಟಿಲ್ಲ ತಾನೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುವಾರದಿಂದ ತೆಗೆದುಕೊಂಡಿಲ್ಲ" ಎಂದಳು.

ಆ ಸುದ್ದಿಯ ಮೂಲ ಲೇಖನವನ್ನು ಹುಡುಕಿ ತೆಗೆದೆ. ಪ್ರಯೋಗ ನಡೆದದ್ದು ವಾಲ್‌ಪ್ರೊಯೇಟ್ ಎಂಬ ಔಷಧದ ಮೇಲೆ. ಅವಳು ತೆಗೆದುಕೊಳ್ಳುತ್ತಿದ್ದುದು ಲೆವೆಟಿರಾಸೆಟಮ್. ತನಗೆ ಸಂಬಂಧವೇ ಇಲ್ಲದ ಔಷಧಕ್ಕೆ ಹೆದರಿ ಮೂರು ದಿನ ಮಾತ್ರೆಯಿಲ್ಲದೆ ಕಳೆದಿದ್ದಳು. ಅಂದೇ ಅವಳ ನರರೋಗ ತಜ್ಞರಿಗೆ ಫೋನ್ ಮಾಡಿಸಿ ಮತ್ತೆ ಶುರು ಮಾಡಿಸಿದೆವು. ಅಪಾಯವೇನೂ ಆಗಲಿಲ್ಲ.

ನಾನು ಔಷಧಶಾಸ್ತ್ರ ಪಾಠ ಮಾಡುವವಳು. ಪಾಠಕ್ಕೆ ಬರುವ ಮೊದಲು ಕೆಲವು ವರ್ಷ ಪ್ರಾಣಿಗೃಹದಲ್ಲಿ ಇಲಿಗಳ ನಡುವೆಯೇ ಕಳೆದವಳು. ಗರ್ಭದಲ್ಲಿದ್ದಾಗ ಔಷಧ ಸೋಕಿದ ಮರಿಗಳ ವರ್ತನೆಯ ಬಗ್ಗೆ ನಡೆಯುವ ಅಧ್ಯಯನಗಳು ಬಹಳ ಬೆಲೆಯುಳ್ಳವು. ಆದರೆ ಅವು ಉತ್ತರಿಸುವ ಪ್ರಶ್ನೆ ಒಂದು, ಓದುವ ಬಸುರಿಯ ಮನಸ್ಸಿನಲ್ಲಿರುವ ಪ್ರಶ್ನೆ ಇನ್ನೊಂದು. "ಈ ಔಷಧಕ್ಕೆ, ಈ ಪ್ರಮಾಣದಲ್ಲಿ, ಈ ದಿನದಂದು, ಬೆಳೆಯುವ ಮಿದುಳನ್ನು ಬದಲಿಸುವ ಶಕ್ತಿ ಇದೆಯೇ?" ಎಂದು ಇಲಿಯನ್ನು ಕೇಳಬಹುದು. "ನನ್ನ ಮಗು ಹೇಗಿರುತ್ತದೆ?" ಎಂದು ಇಲಿಯನ್ನು ಕೇಳಲಾಗದು. ಈ ಎರಡರ ನಡುವಿನ ದಾರಿಯನ್ನು ಹೇಗೆ ನಡೆಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಓದುವ ಮೊದಲೇ ಒಂದು ಮಾತು

ಸುದ್ದಿ ಎಷ್ಟೇ ಭಯ ಹುಟ್ಟಿಸಲಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನಿಜವಾಗಿಯೂ ಹಾನಿಕರವೆಂದು ಸಾಬೀತಾಗಿರುವ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವವರಿಗೂ ಇದೇ ಮಾತು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬರಬಹುದು, ತಾಯಿ ಬೀಳಬಹುದು, ಗರ್ಭದಲ್ಲಿರುವ ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು. ಖಿನ್ನತೆಯ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೂ ತೊಂದರೆಗಳಿವೆ. ಓದುವುದಕ್ಕೆ ಒಂದು ದಿನ ಹಿಡಿದರೂ ಚಿಂತೆಯಿಲ್ಲ. ಆ ಒಂದು ದಿನವೂ ಮಾತ್ರೆ ತಪ್ಪಬಾರದು.

ಹಂತ 1: ಔಷಧದ ಹೆಸರು, ಪ್ರಾಣಿಯ ಹೆಸರು

"ಮೂರ್ಛೆರೋಗದ ಮಾತ್ರೆ", "ಖಿನ್ನತೆಯ ಔಷಧ", "ನೋವಿನ ಗುಳಿಗೆ" ಎಂದಷ್ಟೇ ಬರೆದಿರುವ ಸುದ್ದಿ ನಿಮಗೆ ಇನ್ನೂ ಏನನ್ನೂ ಹೇಳಿಲ್ಲ. ಒಂದೇ ಕಾಯಿಲೆಗೆ ಕೊಡುವ ಎರಡು ಔಷಧಗಳ ನಡುವೆ ಗರ್ಭದ ಮಟ್ಟಿಗೆ ಅಜಗಜಾಂತರವಿರಬಹುದು. ಮೂಲ ಲೇಖನದಲ್ಲಿ ಔಷಧದ ರಾಸಾಯನಿಕ ಹೆಸರು ಏನಿದೆ ಎಂದು ಹುಡುಕಿ. ಪಬ್‌ಮೆಡ್ ಎಂಬ ಜಾಲತಾಣದಲ್ಲಿ ವೈದ್ಯಕೀಯ ಲೇಖನಗಳ ಸಾರಾಂಶ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಕಷ್ಟವಾದರೆ ಮನೆಯ ಕಾಲೇಜು ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆಮೇಲೆ ನಿಮ್ಮ ಮಾತ್ರೆಯ ಪಟ್ಟಿಯನ್ನು (ಸ್ಟ್ರಿಪ್) ತಿರುಗಿಸಿ ನೋಡಿ. ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾದದ್ದು ಸಣ್ಣ ಅಕ್ಷರದಲ್ಲಿರುವ ಹೆಸರು. ಔಷಧ ಅಂಗಡಿಯಲ್ಲಿ ಐದೋ ಆರೋ ಮಾತ್ರೆ ಕತ್ತರಿಸಿ ಕೊಟ್ಟಿದ್ದರೆ ಆ ತುಂಡಿನಲ್ಲಿ ಹೆಸರೇ ಇರುವುದಿಲ್ಲ. ಹಾಗಾಗಿ ಬಸುರಿ ಇರುವ ಮನೆಯವರು ಇಡೀ ಪಟ್ಟಿಯನ್ನೇ ಕೇಳಿ ತರಬೇಕು. ವಾಲ್‌ಪ್ರೊಯೇಟ್ ಮೂರು ಹೆಸರುಗಳಲ್ಲಿ ಕಾಣಿಸಿಕೊಳ್ಳುತ್ತದೆ: ಸೋಡಿಯಂ ವಾಲ್‌ಪ್ರೊಯೇಟ್, ವಾಲ್‌ಪ್ರೊಯಿಕ್ ಆಮ್ಲ, ಡೈವಾಲ್‌ಪ್ರೊಯೆಕ್ಸ್. ಇದನ್ನು ಮೂರ್ಛೆರೋಗಕ್ಕೆ ಮಾತ್ರವಲ್ಲದೆ ಬೈಪೋಲಾರ್ ಕಾಯಿಲೆಗೂ ಮೈಗ್ರೇನ್ ತಲೆನೋವಿಗೂ ಕೊಡುತ್ತಾರೆ. "ನನಗೆ ಫಿಟ್ಸ್ ಇಲ್ಲ, ಇದು ನನಗೆ ಸೇರಿದ್ದಲ್ಲ" ಎಂದು ಸುಮ್ಮನಾಗಬೇಡಿ.

ಪ್ರಾಣಿ ಯಾವುದು ಎಂಬುದೂ ಅಷ್ಟೇ ಮುಖ್ಯ. ಇದನ್ನು ಜಗತ್ತಿಗೆ ಕಲಿಸಿದ್ದು ಥ್ಯಾಲಿಡೊಮೈಡ್. 1957ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಈ ನಿದ್ರೆಯ ಮಾತ್ರೆಯನ್ನು ಬಸುರಿಯರ ಬೆಳಗಿನ ವಾಕರಿಕೆಗೂ ಕೊಡಲಾಯಿತು. 1961ರ ನವೆಂಬರ್ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಇಲಿ ಮತ್ತು ಅದಕ್ಕಿಂತ ಚಿಕ್ಕದಾದ ಸುಂಡಿಲಿಗಳ (ಇಂಗ್ಲಿಷಿನ ಮೌಸ್) ಭ್ರೂಣಗಳಲ್ಲಿ ಈ ಔಷಧ ಅಂಥ ಊನವನ್ನು ಸುಲಭವಾಗಿ ತೋರಿಸುವುದಿಲ್ಲ. ನ್ಯೂಜಿಲೆಂಡ್ ಬಿಳಿ ಮೊಲಗಳಲ್ಲಿ ಮತ್ತು ಕೋತಿಗಳಲ್ಲಿ ತೋರಿಸುತ್ತದೆ. ಒಂದು ಜಾತಿಯ ಪ್ರಾಣಿಯಲ್ಲಿ "ಏನೂ ಆಗಲಿಲ್ಲ" ಎಂಬ ಸುದ್ದಿಯನ್ನು ಓದಿ ನೆಮ್ಮದಿಯಾಗುವ ಮುನ್ನ ಈ ಮಕ್ಕಳನ್ನು ನೆನೆಯಬೇಕು. ನಾನು ತರಗತಿಯಲ್ಲಿ ಈ ಪಾಠ ಮಾಡುವಾಗ ಪ್ರತಿ ವರ್ಷವೂ ಒಂದು ಕ್ಷಣ ಮಾತು ನಿಲ್ಲುತ್ತದೆ.

ಹಂತ 2: ಬಸುರಿನ ಎಷ್ಟನೆಯ ದಿನ?

ಇಲಿಯ ಬಸುರು ಸುಮಾರು 22 ದಿನ, ಸುಂಡಿಲಿಯದು ಸುಮಾರು 19 ದಿನ. ಈ ಕಿರಿದಾದ ಅವಧಿಯಲ್ಲಿ ಒಂದೊಂದು ದಿನಕ್ಕೂ ಒಂದೊಂದು ಅಂಗದ ಕೆಲಸ ಗೊತ್ತಾಗಿದೆ. ಔಷಧ ಯಾವ ದಿನ ಸೋಕಿತು ಎಂಬುದರ ಮೇಲೆ ಯಾವ ಭಾಗ ಕೆಡುತ್ತದೆ ಎಂಬುದು ನಿಂತಿದೆ.

ಥ್ಯಾಲಿಡೊಮೈಡ್ ಕಥೆಗೇ ಮರಳೋಣ. ಮನುಷ್ಯರಲ್ಲಿ ಗರ್ಭ ನಿಂತ ಸುಮಾರು 20ನೆಯ ದಿನದಿಂದ 36ನೆಯ ದಿನದವರೆಗೆ ಮಾತ್ರ ಆ ಮಾತ್ರೆ ಊನ ಉಂಟುಮಾಡಿತು. 1994ರಲ್ಲಿ ಸ್ವೀಡನ್ನಿನ ಸಂಶೋಧಕರು ಥ್ಯಾಲಿಡೊಮೈಡ್‌ಗೆ ತುತ್ತಾಗಿ ಬೆಳೆದ 100 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ ಕನಿಷ್ಠ ನಾಲ್ವರಿಗೆ ಆಟಿಸಂ ಇತ್ತು. ಆ ನಾಲ್ವರಿಗೂ ಔಷಧ ಸೋಕಿದ್ದು 20ರಿಂದ 24ನೆಯ ದಿನಗಳ ನಡುವೆ, ಅಂದರೆ ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರಕೊಳವೆ ಮುಚ್ಚಿಕೊಳ್ಳುವ ಆಸುಪಾಸಿನಲ್ಲಿ. ಇದನ್ನು ಗಮನಿಸಿದ ಅಮೆರಿಕದ ಪೆಟ್ರೀಷಿಯಾ ರೋಡಿಯರ್ ಮತ್ತು ಸಂಗಡಿಗರು 1996ರಲ್ಲಿ ಇಲಿಗಳಿಗೆ ಅದೇ ಹಂತಕ್ಕೆ ಸರಿಹೊಂದುವ ದಿನಗಳಲ್ಲಿ, ಸುಮಾರು 11.5ರಿಂದ 12.5ನೆಯ ದಿನದೊಳಗೆ, ವಾಲ್‌ಪ್ರೊಯೇಟ್ ಕೊಟ್ಟು ಮಿದುಳಕಾಂಡದ ನರಕೋಶಗಳನ್ನು ಎಣಿಸಿದರು. ಕೆಲವು ನರಕೋಶಗಳು ಕಡಿಮೆಯಾಗಿದ್ದವು. ಇಂದು ಜಗತ್ತಿನ ನೂರಾರು ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವ "ವಾಲ್‌ಪ್ರೊಯೇಟ್ ಇಲಿ" ಹುಟ್ಟಿದ್ದು ಹೀಗೆ. ಸುದ್ದಿಗಳಲ್ಲಿ ಬರುವ ಆಟಿಸಂ ಇಲಿಗಳ ಪ್ರಯೋಗಗಳಲ್ಲಿ ಹಲವು ಇದರ ಸಂತತಿಯೇ.

ಓದುವಾಗ ಎರಡು ಸಂಗತಿಗಳ ಮೇಲೆ ಕಣ್ಣಿಡಿ. ಮೊದಲನೆಯದು, ದಿನದ ಎಣಿಕೆ ಎಲ್ಲಿಂದ ಶುರುವಾಯಿತು ಎಂಬುದು. ಗಂಡು ಹೆಣ್ಣನ್ನು ರಾತ್ರಿ ಒಂದೇ ಪಂಜರದಲ್ಲಿ ಬಿಟ್ಟು, ಬೆಳಿಗ್ಗೆ ಹೆಣ್ಣಿನ ಯೋನಿಯಿಂದ ತೆಗೆದ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ವೀರ್ಯಾಣು ಕಂಡರೆ ಬಸುರಿನ ಲೆಕ್ಕ ಆರಂಭ. ಆ ಬೆಳಗನ್ನು ಕೆಲವರು ಸೊನ್ನೆಯ ದಿನ ಎನ್ನುತ್ತಾರೆ, ಕೆಲವರು ಒಂದನೆಯ ದಿನ ಎನ್ನುತ್ತಾರೆ. ಮನುಷ್ಯರಲ್ಲಿ ಒಂದು ದಿನ ಹೆಚ್ಚುಕಡಿಮೆಯಾದರೆ ದೊಡ್ಡದಲ್ಲ, ಇಲಿಯಲ್ಲಿ ಅದು ದೊಡ್ಡದೇ. ಎರಡು ಅಧ್ಯಯನಗಳು "12ನೆಯ ದಿನ" ಎಂದು ಬರೆದಿದ್ದು ಫಲಿತಾಂಶ ಬೇರೆಯಾಗಿದ್ದರೆ ಮೊದಲು ಇದನ್ನು ನೋಡಿ.

ಎರಡನೆಯದು, ಇಲಿಯ ಮರಿ ಬಹಳ ಬೇಗ ಹುಟ್ಟುತ್ತದೆ. ಕಣ್ಣು ಮುಚ್ಚಿದ, ಕೂದಲಿಲ್ಲದ, ಹೊಟ್ಟೆಯೊಳಗಿನ ಹಾಲು ತೆಳು ಚರ್ಮದ ಮೂಲಕ ಬೆಳ್ಳಗೆ ಕಾಣುವ ಆ ಗುಲಾಬಿ ಜೀವದ ಮಿದುಳು ನಮ್ಮ ಆರನೆಯ ತಿಂಗಳ ಭ್ರೂಣದ ಮಿದುಳಿನ ಹಾಗಿರುತ್ತದೆ. ಮನುಷ್ಯರಲ್ಲಿ ಬಸುರಿನ ಕೊನೆಯ ಮೂರು ತಿಂಗಳಲ್ಲಿ ನಡೆಯುವ ಮಿದುಳಿನ ಬಿರುಸಿನ ಬೆಳವಣಿಗೆ ಇಲಿಯಲ್ಲಿ ಹುಟ್ಟಿದ ಮೇಲಿನ ಮೊದಲ ಹತ್ತು ದಿನಗಳಲ್ಲಿ ನಡೆಯುತ್ತದೆ. ಹಾಗಾಗಿ ಔಷಧವನ್ನು ಬಸುರಿನಲ್ಲಿ ಮಾತ್ರ ಕೊಟ್ಟ ಅಧ್ಯಯನವು ಎಂಟನೆಯ, ಒಂಬತ್ತನೆಯ ತಿಂಗಳಿನ ಬಗ್ಗೆ ಹೆಚ್ಚೇನೂ ಹೇಳಲಾರದು. "ಇಲಿಯ ಒಂದು ದಿನಕ್ಕೆ ನಮ್ಮ ಇಷ್ಟು ದಿನ" ಎಂದು ನೇರವಾಗಿ ಗುಣಿಸಲೂ ಬೇಡಿ. ಮಿದುಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತವೆ.

ಹಂತ 3: ಪ್ರಮಾಣವನ್ನು ನಿಮ್ಮ ಮೈತೂಕಕ್ಕೆ ಇಳಿಸಿ ನೋಡಿ

ಇದು ಕಾಗದ, ಪೆನ್ನು ಹಿಡಿದು ಮಾಡಬೇಕಾದ ಹಂತ. ಭಯ ಅರ್ಧ ಇಳಿಯುವುದು ಅಥವಾ ಸರಿಯಾದ ಕಡೆಗೆ ತಿರುಗುವುದು ಇಲ್ಲಿಯೇ.

ಸಣ್ಣ ಪ್ರಾಣಿಗಳ ದೇಹ ಔಷಧವನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಹಾಗಾಗಿ ಇಲಿಗೆ ಪ್ರತಿ ಕಿಲೋ ಮೈತೂಕಕ್ಕೆ ಕೊಟ್ಟ ಪ್ರಮಾಣವನ್ನು ನಮಗೆ ಹಾಗೆಯೇ ಹೋಲಿಸಲಾಗದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಸರಳ ಲೆಕ್ಕ ಹೀಗಿದೆ: ಇಲಿಯ ಪ್ರಮಾಣವನ್ನು 6.2ರಿಂದ, ಸುಂಡಿಲಿಯದನ್ನು 12.3ರಿಂದ, ಮೊಲದ್ದನ್ನು 3.1ರಿಂದ ಭಾಗಿಸಿದರೆ ಮನುಷ್ಯರ ಸಮಾನ ಪ್ರಮಾಣ ಅಂದಾಜಾಗಿ ಸಿಗುತ್ತದೆ.

ವಾಲ್‌ಪ್ರೊಯೇಟ್ ಇಲಿಗೆ ಇದನ್ನು ಹಚ್ಚಿ ನೋಡೋಣ. ಹಲವು ಪ್ರಯೋಗಗಳಲ್ಲಿ 12.5ನೆಯ ದಿನ ಬಸುರಿ ಇಲಿಗೆ ಪ್ರತಿ ಕಿಲೋಗೆ 500 ಮಿಲಿಗ್ರಾಂನಂತೆ ಒಂದೇ ಚುಚ್ಚುಮದ್ದನ್ನು ಹೊಟ್ಟೆಗೆ ಕೊಡುತ್ತಾರೆ. 500ನ್ನು 6.2ರಿಂದ ಭಾಗಿಸಿದರೆ ಸುಮಾರು 81 ಮಿಲಿಗ್ರಾಂ. ಮೈತೂಕ 55 ಕಿಲೋ ಇರುವ ಹೆಂಗಸಿಗೆ ಅದು ಸುಮಾರು 4.4 ಗ್ರಾಂ ಆಯಿತು. 500 ಮಿಲಿಗ್ರಾಂನ ಒಂಬತ್ತು ಮಾತ್ರೆಗಳನ್ನು ಒಂದೇ ಸಲ ನುಂಗಿದ ಹಾಗೆ. ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಇದಕ್ಕಿಂತ ಬಹಳ ಕಡಿಮೆ, ಅದೂ ದಿನದಲ್ಲಿ ಎರಡು ಮೂರು ಸಲ ಹಂಚಿ, ತಿಂಗಳುಗಟ್ಟಲೆ. ಇಲಿಗೆ ಒಂದೇ ಸಲದ ದೊಡ್ಡ ಪೆಟ್ಟು, ನಮಗೆ ನಿತ್ಯದ ಸಣ್ಣ ಪ್ರಮಾಣ.

ಈ ಲೆಕ್ಕ ಮಾಡಿ "ಹಾಗಾದರೆ ನನಗೇನೂ ಆಗುವುದಿಲ್ಲ" ಎಂಬ ತೀರ್ಮಾನಕ್ಕೆ ಹಾರಬೇಡಿ. ಭಾಗಾಕಾರದ ಅಂದಾಜಿಗಿಂತ ನಿಜವಾದ ಅಳತೆ ರಕ್ತದಲ್ಲಿರುವ ಔಷಧದ ಮಟ್ಟ. ಒಳ್ಳೆಯ ಅಧ್ಯಯನದಲ್ಲಿ ತಾಯಿ ಇಲಿಯ ರಕ್ತದ ಮಟ್ಟವನ್ನು ಬರೆದು, ಅದು ರೋಗಿಗಳ ರಕ್ತದ ಮಟ್ಟಕ್ಕೆ ಹೇಗೆ ಹೋಲುತ್ತದೆ ಎಂದು ಹೇಳಿರುತ್ತಾರೆ. ಹೇಳದಿದ್ದರೆ ಆ ಅಧ್ಯಯನದ ಬೆಲೆಯನ್ನು ಒಂದು ಮೆಟ್ಟಿಲು ಇಳಿಸಿ. ಒಂದೇ ಪ್ರಮಾಣವನ್ನು ಪರೀಕ್ಷಿಸಿದ್ದಾರೋ, ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರನ್ನೋ? ಮೂರಿದ್ದು, ಪ್ರಮಾಣ ಏರಿದಂತೆ ಪರಿಣಾಮವೂ ಏರಿದ್ದರೆ ಆ ಫಲಿತಾಂಶದಲ್ಲಿ ತೂಕವಿದೆ. ಹೆಚ್ಚು ಪ್ರಮಾಣದಲ್ಲಿ ತಾಯಿ ಇಲಿ ಊಟ ಬಿಟ್ಟು ಸೊರಗಿತೇ ಎಂಬುದನ್ನೂ ನೋಡಿ. ಸೊರಗಿದ್ದರೆ, ಮರಿಗಳಲ್ಲಿ ಕಂಡದ್ದು ಔಷಧದ ಪರಿಣಾಮವೋ ಹಸಿವಿನದೋ ಹೇಳಲಾಗದು. ಇದಕ್ಕಾಗಿಯೇ ಕೆಲವರು ಮೂರನೆಯ ಗುಂಪೊಂದನ್ನು ಇಟ್ಟು, ಔಷಧ ಪಡೆದ ಇಲಿ ಎಷ್ಟು ತಿಂದಿತೋ ಅಷ್ಟೇ ಆಹಾರವನ್ನು ಔಷಧವಿಲ್ಲದ ಇಲಿಗೂ ಅಳೆದು ಕೊಡುತ್ತಾರೆ.

ಹಂತ 4: ಮರಿಗಳನ್ನು ಬಿಡಿ, ತಾಯಂದಿರನ್ನು ಎಣಿಸಿ

ನನ್ನ ವಿದ್ಯಾರ್ಥಿಗಳಿಗೆ ಒಂದೇ ಒಂದು ಹಂತ ಕಲಿಸಲು ಸಮಯವಿದ್ದರೆ ಇದನ್ನೇ ಆರಿಸುತ್ತೇನೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಅದೇ ಪಾತ್ರೆಯಿಂದ ಐವತ್ತು ಅಗುಳು ಹಿಸುಕಿದರೂ ನಿಮಗೆ ತಿಳಿಯುವುದು ಒಂದು ಪಾತ್ರೆಯ ವಿಷಯವೇ. ಇಲಿಯ ಸೂಲೂ ಹಾಗೆಯೇ. ಒಂದು ಇಲಿ ಒಂದು ಸೂಲಿಗೆ ಹತ್ತು ಹನ್ನೆರಡು ಮರಿ ಹಾಕುತ್ತದೆ. ಆ ಮರಿಗಳೆಲ್ಲ ಒಂದೇ ಗರ್ಭ ಹಂಚಿಕೊಂಡವು, ಒಂದೇ ತಾಯಿಯ ರಕ್ತದಿಂದ ಬೆಳೆದವು, ಒಂದೇ ಗೂಡಿನಲ್ಲಿ ಮಲಗಿದವು. ಔಷಧ ಕೊಟ್ಟದ್ದು ತಾಯಿಗೆ, ಮರಿಗಳಿಗಲ್ಲ. ಐದು ತಾಯಿ ಇಲಿಗಳಿಗೆ ಔಷಧ ಕೊಟ್ಟು, ಹುಟ್ಟಿದ ಐವತ್ತು ಮರಿಗಳನ್ನು ಪರೀಕ್ಷಿಸಿದರೆ ಆ ಗುಂಪಿನ ನಿಜವಾದ ಸಂಖ್ಯೆ ಐದು. ಅದನ್ನು ಐವತ್ತೆಂದು ಲೆಕ್ಕ ಹಾಕಿದರೆ, ಯಾವುದೋ ಒಂದು ತಾಯಿಯ ಸ್ವಭಾವದಿಂದಾದ ವ್ಯತ್ಯಾಸವೂ ಔಷಧದ ಪರಿಣಾಮದಂತೆ ಕಾಣುತ್ತದೆ.

ಗೊತ್ತಿಲ್ಲದವರು ಮಾತ್ರ ಮಾಡುವ ತಪ್ಪು ಇದಲ್ಲ. 2013ರಲ್ಲಿ ಇಬ್ಬರು ಸಂಶೋಧಕರು ವಾಲ್‌ಪ್ರೊಯೇಟ್ ಇಲಿಗಳ ಬಗ್ಗೆ ಪ್ರಕಟವಾಗಿದ್ದ 34 ಅಧ್ಯಯನಗಳನ್ನು ತೆಗೆದು ನೋಡಿದಾಗ, ಸೂಲಿನ ಲೆಕ್ಕವನ್ನು ಸರಿಯಾಗಿ ಹಿಡಿದದ್ದು ಮೂರರಲ್ಲಿ ಮಾತ್ರ.

ಹಾಗಾಗಿ ಲೇಖನದ ವಿಧಾನ ಭಾಗಕ್ಕೆ ಹೋಗಿ, ಗುಂಪಿಗೆ ಎಷ್ಟು ತಾಯಿ ಇಲಿಗಳಿದ್ದವು ಎಂದು ಹುಡುಕಿ. ಮರಿಗಳ ಸಂಖ್ಯೆ ಮಾತ್ರ ಬರೆದು ತಾಯಂದಿರ ಸಂಖ್ಯೆ ಬರೆಯದಿದ್ದರೆ ಅದು ಅನುಮಾನದ ಗುರುತು. ಹೋಲಿಕೆಗೆ ಒಂದು ಅಳತೆಗೋಲು ಹೇಳುತ್ತೇನೆ. ರಾಸಾಯನಿಕಗಳು ಬೆಳೆಯುವ ನರಮಂಡಲಕ್ಕೆ ಹಾನಿ ಮಾಡುತ್ತವೆಯೇ ಎಂದು ಪರೀಕ್ಷಿಸಲು ಒಇಸಿಡಿ ಎಂಬ ಅಂತರರಾಷ್ಟ್ರೀಯ ಆರ್ಥಿಕ ಸಹಕಾರ ಸಂಘಟನೆ 2007ರಲ್ಲಿ ಹೊರಡಿಸಿದ 426ನೆಯ ಮಾರ್ಗಸೂಚಿಯು ಪ್ರತಿ ಪ್ರಮಾಣಕ್ಕೆ ಸುಮಾರು 20 ಸೂಲುಗಳು ಬೇಕು ಎನ್ನುತ್ತದೆ. ವಿಶ್ವವಿದ್ಯಾಲಯದ ಸಣ್ಣ ಪ್ರಯೋಗಶಾಲೆಗೆ ಅಷ್ಟು ಸಾಧ್ಯವಾಗದಿರಬಹುದು, ಅದಕ್ಕಾಗಿ ಅವರನ್ನು ದೂರುವುದಿಲ್ಲ. ಆದರೆ ಮೂರು ನಾಲ್ಕು ತಾಯಂದಿರ ಮೇಲೆ ನಿಂತ ಸುದ್ದಿಯನ್ನು ಓದಿ ಯಾರೂ ರಾತ್ರಿ ನಿದ್ದೆಗೆಡಬೇಕಾಗಿಲ್ಲ.

ಹಂತ 5: ಮರಿಗಳನ್ನು ಸಾಕಿದ್ದು ಯಾರು?

ಪ್ರಾಣಿಗೃಹದಲ್ಲಿ ಗೂಡಿನಿಂದ ಮರಿಯೊಂದನ್ನು ಎತ್ತಿ ಪಂಜರದ ಇನ್ನೊಂದು ಮೂಲೆಗೆ ಇಟ್ಟರೆ, ತಾಯಿ ಇಲಿ ಓಡಿ ಬಂದು ಅದನ್ನು ಬಾಯಲ್ಲಿ ಮೆಲ್ಲಗೆ ಕಚ್ಚಿ ಹಿಡಿದು ಗೂಡಿಗೆ ಒಯ್ಯುತ್ತದೆ. ಒಂದರ ಹಿಂದೆ ಒಂದನ್ನು ಒಯ್ದು, ಎಲ್ಲವೂ ಬಂದವೇ ಎಂಬಂತೆ ಮೂಗಾಡಿಸಿ, ಆಮೇಲೆ ನೆಕ್ಕುತ್ತಾ ಕೂರುತ್ತದೆ. ಈ ನೆಕ್ಕುವಿಕೆ ಬರಿಯ ಮುದ್ದಲ್ಲ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಒತ್ತಡವನ್ನು ಹೆಚ್ಚು ಸಮಾಧಾನದಿಂದ ಎದುರಿಸುತ್ತವೆ ಎಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಈಗ ಯೋಚಿಸಿ. ಬಸುರಿನಲ್ಲಿ ಪಡೆದ ಔಷಧದಿಂದ ತಾಯಿ ಇಲಿಯೇ ಮಂಕಾಗಿ ಮರಿಗಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ? ಕೊಕೇನ್ ಪಡೆದ ತಾಯಿ ಇಲಿಗಳಲ್ಲಿ ಹೀಗಾಗುವುದು ಕಂಡುಬಂದಿದೆ. ಆಗ ಮರಿಯ ವರ್ತನೆ ಬದಲಾದದ್ದು ಗರ್ಭದಲ್ಲೋ ಗೂಡಿನಲ್ಲೋ? ಇದನ್ನು ಬಿಡಿಸಲು ಹುಟ್ಟಿದ ಕೂಡಲೇ ಮರಿಗಳನ್ನು ಔಷಧ ಪಡೆಯದ ಸಾಕುತಾಯಿಯ ಗೂಡಿಗೆ ಬದಲಿಸುತ್ತಾರೆ. ಬದಲಿಸಿದರೋ ಇಲ್ಲವೋ, ಇಲ್ಲದಿದ್ದರೆ ತಾಯಿಯ ಆರೈಕೆಯನ್ನಾದರೂ ಗಮನಿಸಿ ಬರೆದರೋ ಎಂದು ನೋಡಿ.

ಹಂತ 6: ವರ್ತನೆ ಎಂದರೆ ಏನನ್ನು ಅಳೆದರು?

"ಮರಿಗಳಲ್ಲಿ ಆತಂಕ ಹೆಚ್ಚಿತ್ತು" ಎಂದು ಸುದ್ದಿ ಹೇಳುತ್ತದೆ. ಇಲಿ ತನಗೆ ಆತಂಕವಾಗಿದೆ ಎಂದು ಹೇಳಲಿಲ್ಲ. ಒಂದು ಚೌಕಾಕಾರದ ಖಾಲಿ ಪೆಟ್ಟಿಗೆಯಲ್ಲಿ ಬಿಟ್ಟಾಗ ಅದು ಮೀಸೆಯನ್ನು ಗೋಡೆಗೆ ತಾಗಿಸಿಕೊಂಡು ಅಂಚಿನಲ್ಲೇ ಸುತ್ತಿತು, ನಡುವಿನ ಚೌಕಕ್ಕೆ ಬರಲಿಲ್ಲ. ಅಳೆದದ್ದು ಅಷ್ಟೇ. ಹಾಗೆಯೇ "ಸಾಮಾಜಿಕ ವರ್ತನೆ ಕುಂದಿತು" ಎಂದರೆ, ಮೂರು ಕೋಣೆಯ ಪೆಟ್ಟಿಗೆಯಲ್ಲಿ ಅದು ಇನ್ನೊಂದು ಇಲಿ ಇದ್ದ ಕೋಣೆಯಲ್ಲಿ ಕಡಿಮೆ ಹೊತ್ತು ಕಳೆಯಿತು. "ನೆನಪು ಕುಗ್ಗಿತು" ಎಂದರೆ, ಮಬ್ಬು ನೀರಿನ ತೊಟ್ಟಿಯಲ್ಲಿ ಅಡಗಿಸಿಟ್ಟ ಕಟ್ಟೆಯನ್ನು ಈಜಿ ಹುಡುಕಲು ಹೆಚ್ಚು ಸಮಯ ಹಿಡಿಯಿತು. ಕಾಲಿನ ಬಲವಿಲ್ಲದ ಇಲಿಗೂ ಈಜಲು ಹೆಚ್ಚು ಸಮಯ ಹಿಡಿಯುತ್ತದೆ ಎಂಬುದನ್ನು ಮರೆಯಬೇಡಿ. ಸುದ್ದಿಯಲ್ಲಿ ದೊಡ್ಡ ಪದ ಕಂಡಲ್ಲೆಲ್ಲ, ಇಲಿ ನಿಜವಾಗಿ ಮಾಡಿದ್ದೇನು ಎಂಬ ಸಣ್ಣ ವಾಕ್ಯವನ್ನು ಅದರ ಜಾಗದಲ್ಲಿಟ್ಟು ಓದಿ.

ಅಳೆದವರಿಗೆ ಯಾವ ಮರಿ ಯಾವ ಗುಂಪಿನದು ಎಂದು ಗೊತ್ತಿತ್ತೇ? 1963ರಲ್ಲಿ ಅಮೆರಿಕದ ಸಂಶೋಧಕರಾದ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ವಿದ್ಯಾರ್ಥಿಗಳಿಗೆ ಸಾಧಾರಣ ಇಲಿಗಳನ್ನೇ ಕೊಟ್ಟು, ಕೆಲವರಿಗೆ "ಇವು ಜಾಣ ತಳಿ" ಎಂದೂ ಉಳಿದವರಿಗೆ "ಇವು ದಡ್ಡ ತಳಿ" ಎಂದೂ ಹೇಳಿದರು. ಜಾಣ ಎಂದು ನಂಬಿದವರ ಇಲಿಗಳು ಉತ್ತಮ ಅಂಕ ಪಡೆದವು. ನನ್ನ ಮೊದಲ ವರ್ಷದಲ್ಲಿ ನಾನೇ ಮರಿಗಳ ಬಾಲದ ಮೇಲಿನ ಗುರುತು ನೋಡುತ್ತಾ ಅವು ಹಿಂಗಾಲಿನ ಮೇಲೆ ಎದ್ದು ನಿಲ್ಲುವುದನ್ನು ಎಣಿಸಿದ್ದೆ. ಮಾರ್ಗದರ್ಶಕರು ಅದೇ ದೃಶ್ಯಗಳನ್ನು ಗುರುತು ಮರೆಮಾಡಿ, ಕ್ರಮ ಕಲಸಿ, ಮತ್ತೆ ಎಣಿಸಲು ಕೂರಿಸಿದರು. ನಾನು ಕಂಡಿದ್ದ ವ್ಯತ್ಯಾಸದಲ್ಲಿ ಬಹುಪಾಲು ಕರಗಿಹೋಯಿತು. ಅಂದಿನಿಂದ ಯಾವ ಲೇಖನವನ್ನು ತೆರೆದರೂ, ಅಳೆದವರಿಗೆ ಗುಂಪು ಗೊತ್ತಿರಲಿಲ್ಲ ಎಂಬ ಒಂದು ಸಾಲನ್ನು ಮೊದಲು ಹುಡುಕುತ್ತೇನೆ.

ಎಷ್ಟು ಪರೀಕ್ಷೆ ಮಾಡಿದರು ಎಂಬುದನ್ನೂ ಎಣಿಸಿ. ಸಾಮಾನ್ಯವಾಗಿ ಒಪ್ಪುವ 0.05ರ ಗೆರೆಯನ್ನು (ಪರಿಣಾಮವಿಲ್ಲದಿದ್ದರೂ ಬರಿಯ ಆಕಸ್ಮಿಕದಿಂದ ವ್ಯತ್ಯಾಸ ಕಾಣುವ ಸಾಧ್ಯತೆ ನೂರಕ್ಕೆ ಐದು) ಇಟ್ಟುಕೊಂಡು, ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪರೀಕ್ಷೆ ಮಾಡಿದರೆ, ಔಷಧಕ್ಕೆ ಯಾವ ಪರಿಣಾಮವೂ ಇಲ್ಲದಿದ್ದರೂ ಒಂದರಲ್ಲಾದರೂ "ವ್ಯತ್ಯಾಸ" ಕಾಣುವ ಸಾಧ್ಯತೆ ಶೇ 40. ಸುದ್ದಿಗೆ ಬರುವುದು ಆ ಒಂದು. ಗಂಡು ಮರಿಗಳನ್ನು ಮಾತ್ರ ನೋಡಿದ್ದರೆ ಫಲಿತಾಂಶ ಗಂಡು ಮರಿಗಳಿಗೆ ಮಾತ್ರ. ಇನ್ನೊಂದು ಪ್ರಯೋಗಶಾಲೆಯಲ್ಲಿ ಅದೇ ಫಲಿತಾಂಶ ಬಂದಿದೆಯೇ ಎಂದು ಕೇಳುವುದಕ್ಕೂ ಕಾರಣವಿದೆ. 1999ರಲ್ಲಿ ಆಲ್ಬನಿ, ಎಡ್ಮಂಟನ್, ಪೋರ್ಟ್‌ಲ್ಯಾಂಡ್ ಎಂಬ ಮೂರು ಊರುಗಳ ಪ್ರಯೋಗಶಾಲೆಗಳು ಅವೇ ತಳಿಗಳ ಸುಂಡಿಲಿಗಳು, ಒಂದೇ ಸಲಕರಣೆ, ಒಂದೇ ವೇಳಾಪಟ್ಟಿ ಇಟ್ಟುಕೊಂಡು ಪರೀಕ್ಷೆ ಮಾಡಿದವು. ಆದರೂ ಕೆಲವು ವರ್ತನೆಗಳಲ್ಲಿ ಊರಿಂದೂರಿಗೆ ಫಲಿತಾಂಶ ಬೇರೆಯಾಯಿತು.

ಹಂತ 7: ಮನುಷ್ಯರ ಅಧ್ಯಯನದ ಪಕ್ಕದಲ್ಲಿಟ್ಟು ನೋಡಿ

ಇಲಿಯ ಮಾತು ಮತ್ತು ಮನುಷ್ಯರ ಮಾತು ಕೂಡಿಬಂದಾಗ ಎಚ್ಚರಿಕೆ ನಿಜವಾಗುತ್ತದೆ. ವಾಲ್‌ಪ್ರೊಯೇಟ್ ಅಂಥದ್ದು. 1982ರಲ್ಲೇ ಫ್ರಾನ್ಸಿನ ಲಿಯಾನ್‌ನಿಂದ, ಈ ಔಷಧ ಪಡೆದ ತಾಯಂದಿರ ಮಕ್ಕಳಲ್ಲಿ ಬೆನ್ನುಹುರಿಯ ದೋಷ ಹೆಚ್ಚು ಎಂಬ ವರದಿ ಬಂತು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಮೂರ್ಛೆರೋಗದ ತಾಯಂದಿರ ಮಕ್ಕಳನ್ನು ಆರು ವರ್ಷದವರೆಗೆ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾಲ್‌ಪ್ರೊಯೇಟ್ ಸೋಕಿದ ಮಕ್ಕಳ ಸರಾಸರಿ ಬುದ್ಧ್ಯಂಕ (ಐಕ್ಯೂ) 97, ಮೂರ್ಛೆರೋಗದ ಇನ್ನೊಂದು ಔಷಧವಾದ ಲ್ಯಾಮೊಟ್ರಿಜಿನ್ ಸೋಕಿದವರದು 108. ಔಷಧದ ಪ್ರಮಾಣ ಹೆಚ್ಚಿದಂತೆ ಬುದ್ಧ್ಯಂಕ ಇಳಿಯಿತು. ಅದೇ ವರ್ಷ ಡೆನ್ಮಾರ್ಕ್‌ನ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿದಾಗ, ಒಟ್ಟು ಮಕ್ಕಳಲ್ಲಿ ಆಟಿಸಂ ವರ್ಗದ ತೊಂದರೆಯ ಸಾಧ್ಯತೆ ಶೇ 1.53 ಇದ್ದರೆ ವಾಲ್‌ಪ್ರೊಯೇಟ್ ಸೋಕಿದ ಮಕ್ಕಳಲ್ಲಿ ಶೇ 4.42 ಇತ್ತು. ಏರಿಕೆ ದೊಡ್ಡದು, ನಿಜ. ಜೊತೆಗೆ, ಔಷಧ ಸೋಕಿದ ನೂರು ಮಕ್ಕಳಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ಆಟಿಸಂ ಬರಲಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಎರಡನ್ನೂ ಓದಬೇಕು. ಯುರೋಪಿನ ಔಷಧ ಸಂಸ್ಥೆ 2018ರಲ್ಲಿ ನಿಯಮ ಬಿಗಿಗೊಳಿಸಿತು: ಬಸುರಿನಲ್ಲಿ ಬೈಪೋಲಾರ್ ಮತ್ತು ಮೈಗ್ರೇನ್‌ಗೆ ವಾಲ್‌ಪ್ರೊಯೇಟ್ ಕೊಡಬಾರದು, ಮೂರ್ಛೆರೋಗಕ್ಕೂ ಬೇರೆ ದಾರಿಯಿಲ್ಲದಿದ್ದರೆ ಮಾತ್ರ.

ಕೊಕೇನ್ ಕಥೆ ಬೇರೆ. 1985ರಲ್ಲಿ ಅಮೆರಿಕದಲ್ಲಿ ಕೇವಲ 23 ಬಸುರಿಯರ ಮೇಲಿನ ಒಂದು ವರದಿ ಬಂದ ಮೇಲೆ, ಕೊಕೇನ್ ಸೋಕಿದ ಮಕ್ಕಳ ಇಡೀ ಪೀಳಿಗೆಯೇ ಹಾಳಾಯಿತೆಂದು ಪತ್ರಿಕೆಗಳು ಕೂಗಿದವು. ಹಲವು ತಾಯಂದಿರ ಮೇಲೆ ಮೊಕದ್ದಮೆ ಹೂಡಿದರು. 2001ರಲ್ಲಿ ಆರು ವರ್ಷದೊಳಗಿನ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದಾಗ, ತಂಬಾಕು, ಮದ್ಯ ಮತ್ತು ಮಗು ಬೆಳೆದ ಪರಿಸರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಕೊಕೇನ್‌ನದೇ ಎನ್ನಬಹುದಾದ ದೊಡ್ಡ ಹಾನಿ ಉಳಿಯಲಿಲ್ಲ. ಕೊಕೇನ್ ಸುರಕ್ಷಿತ ಎಂದು ಇದರ ಅರ್ಥವಲ್ಲ. ಆ ತಾಯಂದಿರ ಮೇಲೆ ಹೊರಿಸಿದ ಅಪವಾದಕ್ಕೆ ಆಧಾರ ಸಾಲದಾಗಿತ್ತು ಎಂದು ಅರ್ಥ. ನನಗೆ ಈಗಲೂ ಇದನ್ನು ನೆನೆದರೆ ಸಂಕಟವಾಗುತ್ತದೆ.

ಪ್ರಾಣಿಗಳ ಅಧ್ಯಯನದಲ್ಲಿ ಬಹುತೇಕ ಕಾಣದೇ ಹೋಗುವ ಇನ್ನೊಂದು ಅಂಶವಿದೆ. ಔಷಧ ಪಡೆದ ಇಲಿ ಆರೋಗ್ಯವಂತ ಇಲಿ. ಅದಕ್ಕೆ ಫಿಟ್ಸ್ ಇಲ್ಲ, ಖಿನ್ನತೆಯಿಲ್ಲ. ಔಷಧವಿಲ್ಲದ ಇಲಿಯ ಜೊತೆ ಅದನ್ನು ಹೋಲಿಸುತ್ತಾರೆ. ನಿಮ್ಮ ಎದುರಿಗಿರುವ ಹೋಲಿಕೆ ಅದಲ್ಲ. ಒಂದು ಕಡೆ ಔಷಧ, ಇನ್ನೊಂದು ಕಡೆ ಚಿಕಿತ್ಸೆಯಿಲ್ಲದ ಕಾಯಿಲೆ. ಯಾವ ಔಷಧವನ್ನೂ ಕೊಡದೆ ಬಸುರಿ ಇಲಿಯನ್ನು ದಿನಾಲೂ ಸ್ವಲ್ಪ ಹೊತ್ತು ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಹಾಕಿ ಒತ್ತಡ ಕೊಟ್ಟರೂ ಮರಿಗಳ ವರ್ತನೆ ಬದಲಾಗುತ್ತದೆ. ತಾಯಿಯ ಸಂಕಟವೂ ಗರ್ಭವನ್ನು ಮುಟ್ಟುತ್ತದೆ.

ಹಂತ 8: ವೈದ್ಯರ ಬಳಿಗೆ ಒಯ್ಯುವ ಚೀಟಿ

ಐದು ನಿಮಿಷದ ಭೇಟಿಯಲ್ಲಿ ಎಲ್ಲವೂ ನೆನಪಿಗೆ ಬರುವುದಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಮಾತ್ರೆಯ ರಾಸಾಯನಿಕ ಹೆಸರು, ದಿನಕ್ಕೆ ಎಷ್ಟು ಮಿಲಿಗ್ರಾಂ, ಕೊನೆಯ ಮುಟ್ಟಿನ ದಿನಾಂಕ, ಬಸುರು ತಿಳಿಯುವ ಮೊದಲು ತೆಗೆದುಕೊಂಡ ಇತರ ಮಾತ್ರೆಗಳು, ಕೊನೆಯ ಸಲ ಫಿಟ್ಸ್ ಬಂದದ್ದು ಯಾವಾಗ. ಕೆಳಗೆ ನಿಮ್ಮ ಪ್ರಶ್ನೆಗಳು: ಇದೇ ಔಷಧ ಪಡೆದ ತಾಯಂದಿರ ಮಕ್ಕಳ ಬಗ್ಗೆ ಏನು ಗೊತ್ತಿದೆ? ಇದಕ್ಕಿಂತ ಸುರಕ್ಷಿತವಾದದ್ದು ನನ್ನ ಕಾಯಿಲೆಗೆ ಒಗ್ಗುತ್ತದೆಯೇ? ಪ್ರಮಾಣ ಇಳಿಸಬಹುದೇ? ಫೋಲಿಕ್ ಆಮ್ಲ ಎಷ್ಟು? ಬಸುರಿನಲ್ಲಿ ರಕ್ತದ ಮಟ್ಟ ನೋಡಬೇಕೇ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್‌ನಂಥ ಔಷಧಗಳು ಬಸುರಿನಲ್ಲಿ ದೇಹದಿಂದ ಬೇಗ ಹೊರಹೋಗುವುದರಿಂದ, ಪ್ರಮಾಣವನ್ನು ಏರಿಸಬೇಕಾಗಿ ಬರುವುದೂ ಉಂಟು.

ಔಷಧ ಬದಲಿಸುವುದಾದರೆ ಅದಕ್ಕೆ ಒಳ್ಳೆಯ ಕಾಲ ಬಸುರಿಗೆ ಮುಂಚೆ. ಮದುವೆ ಗೊತ್ತಾದಾಗಲೇ ನರರೋಗ ತಜ್ಞರನ್ನು ಕಾಣಬೇಕು. ಹೆಣ್ಣಿಗೆ ಕಾಯಿಲೆಯಿದೆ ಎಂದು ಮುಚ್ಚಿಟ್ಟು ಮದುವೆ ಮಾಡುವ ಮನೆಗಳಲ್ಲಿ ಈ ಭೇಟಿಯೇ ತಪ್ಪಿಹೋಗುತ್ತದೆ, ಮಾತ್ರೆಯೂ ಗುಟ್ಟಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಮೂರ್ಛೆರೋಗವಿರುವ ಬಸುರಿಯರ ದಾಖಲೆ ಇಡುತ್ತಿರುವುದರಿಂದ ಭಾರತದ ತಾಯಂದಿರ ಬಗ್ಗೆಯೇ ಮಾಹಿತಿ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಸೇವೆಯಿದೆ. ಖಿನ್ನತೆ, ಬೈಪೋಲಾರ್‌ಗೆ ಮಾತ್ರೆ ತೆಗೆದುಕೊಳ್ಳುವವರು ಅಲ್ಲಿ ಕೇಳಬಹುದು.

ಅಕ್ಕನ ಮಗಳು ಸೋಮವಾರ ಹೋದಾಗ ಚೀಟಿಯ ಕೊನೆಯಲ್ಲಿ "ಮೂರು ದಿನ ಮಾತ್ರೆ ಬಿಟ್ಟಿದ್ದೆ" ಎಂದು ಬರೆದು, ಮತ್ತೆ ಹೊಡೆದುಹಾಕಿದ್ದಳು. ಹೊಡೆದುಹಾಕಿದ್ದನ್ನೂ ವೈದ್ಯರು ಓದಿದರು. ಬೈಯಲಿಲ್ಲ. ಯಾವ ಯಾವ ಹೊತ್ತಿನ ಮಾತ್ರೆ ತಪ್ಪಿತು ಎಂದು ಕೇಳಿ ಕಡತದಲ್ಲಿ ಬರೆದುಕೊಂಡು, ರಕ್ತ ಪರೀಕ್ಷೆಗೆ ಕಳುಹಿಸಿದರು.